ಮನೆಯ ತಾರಸಿಗೆ ಜಲನಿರೋಧಕ ಹೊದಿಕೆಯ ಆಯ್ಕೆ

ಆರ್.ಸಿ.ಸಿ. ಚಾವಣಿಯು ತಾನಾಗಿಯೇ ಸಂಪೂರ್ಣ ಜಲನಿರೋಧಕವಲ್ಲ. ಕಾಂಕ್ರೀಟಿನ ಸೂಕ್ಷ್ಮ ಬಿರುಕುಗಳ ಮೂಲಕ ಇಳಿಯುವ ಮಳೆನೀರು ಒಳಗಿನ ಉಕ್ಕಿನ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ; ಹಳೆಯ ಮನೆಗಳ ಒಳಚಾವಣಿಯಿಂದ ಚಕ್ಕೆಗಳು ಕಳಚಿ ಬೀಳುವುದು ಬಹುಮಟ್ಟಿಗೆ ಈ ಕಾರಣದಿಂದಲೇ. ಆದುದರಿಂದ ಗೋಡೆಯ ಬಣ್ಣ ಕೆಡುವುದಕ್ಕೆ ಮೊದಲೇ ಸೋರಿಕೆಯ ಕಡೆಗೆ ಗಮನ ಹರಿಸುವುದು ಸೂಕ್ತ.

ಇಳಿಜಾರಿನ ಪರಿಶೀಲನೆ

ತಾರಸಿಗೆ ಕನಿಷ್ಠ 100ಕ್ಕೆ 1ರಷ್ಟು, ಅಂದರೆ ಪ್ರತಿ ಮೀಟರಿಗೆ 1 ಸೆಂ.ಮೀ. ಇಳಿಜಾರು ಅವಶ್ಯಕ. ಮಳೆ ನಿಂತ ಮಾರನೆಯ ದಿನವೂ ನೀರು ನಿಂತಿರುವ ತಾರಸಿಗೆ ದುಬಾರಿ ಲೇಪನ ಬಳಿಸುವುದು ಹಣದ ಅಪವ್ಯಯವೇ ಸರಿ. ಬೇಸಿಗೆಯಲ್ಲಿಯೂ ಚಾವಣಿಯಲ್ಲಿ ತೇವ ಕಾಣಿಸಿಕೊಂಡಲ್ಲಿ ಮೊದಲು ನೀರಿನ ಟ್ಯಾಂಕ್ ಹಾಗೂ ಕೊಳವೆಗಳನ್ನು ಪರೀಕ್ಷಿಸತಕ್ಕದ್ದು.

ಹೊದಿಕೆಯ ವಿಧಗಳು

ಇಟ್ಟಿಗೆ ಚೂರು ಮತ್ತು ಗಾರೆಯ ಹೊದಿಕೆಯು ಬಹುಕಾಲದಿಂದ ಬಳಕೆಯಲ್ಲಿದೆ. ಹಿಂದೆ ಸುಣ್ಣ ಮತ್ತು ಸುರ್ಕಿ ಬೆರೆಸಿ ಬಡಿದು ಗಟ್ಟಿ ಮಾಡಲಾಗುತ್ತಿತ್ತು. ಇಂದು ಸಿಮೆಂಟ್ ಬಳಸಲಾಗುತ್ತಿದೆ. ಇದು ಇಳಿಜಾರನ್ನೂ ಒದಗಿಸುತ್ತದೆ, ಬಿಸಿಲಿನ ತಾಪವನ್ನೂ ತಗ್ಗಿಸುತ್ತದೆ. ಆದರೆ 10 ಸೆಂ.ಮೀ. ದಪ್ಪದ ಇಂತಹ ಹೊದಿಕೆಯ ತೂಕ ಚದರ ಮೀಟರಿಗೆ 200 ಕಿ.ಗ್ರಾಂ. ಸಮೀಪಿಸುತ್ತದೆ. ಹಳೆಯ ಪದರವನ್ನು ತೆಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಕಿಸುವ ರೂಢಿ ಅಪಾಯಕಾರಿ. ತುಕ್ಕು ಹಿಡಿದ ಚಾವಣಿಯ ಮೇಲೆ ಇಂತಹ ಭಾರವನ್ನು ಹೇರುವ ಮೊದಲು ಸಿವಿಲ್ ಇಂಜಿನಿಯರರ ಅಭಿಪ್ರಾಯ ಪಡೆಯಲೇಬೇಕು.

ಡಾಂಬರು ಆಧಾರಿತ ಮೆಂಬ್ರೇನ್ ಹಾಳೆಗಳು ಸಾಮಾನ್ಯವಾಗಿ 3ರಿಂದ 4 ಮಿ.ಮೀ. ದಪ್ಪವಿರುತ್ತವೆ. ಇವುಗಳನ್ನು ಅನಿಲ ಜ್ವಾಲೆಯಿಂದ ಕಾಯಿಸಿ, ಅಂಚುಗಳು ಸುಮಾರು 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಲಾಗುತ್ತದೆ. ಹಪ್ಪಳ, ಸಂಡಿಗೆ, ಕಾಳುಕಡ್ಡಿಗಳನ್ನು ಒಣಗಿಸಲು ತಾರಸಿಯನ್ನು ಬಳಸುವ ಕುಟುಂಬಗಳಿಗೆ ಬರಿಯ ಕಪ್ಪು ಹಾಳೆ ಹೊಂದುವುದಿಲ್ಲ; ಮೇಲೆ ಹೆಂಚು ಹಾಸುವುದು ಅಗತ್ಯ. ಮಳೆನೀರನ್ನು ಕುಡಿಯಲು ಸಂಗ್ರಹಿಸುವ ಮನೆಗಳಲ್ಲಿ ಡಾಂಬರಿನ ಮೇಲ್ಮೈಯನ್ನು ಬಳಸದಿರುವುದು ಲೇಸು.

ಬಿಳಿಯ ಅಕ್ರಿಲಿಕ್ ಲೇಪನವು ಕಡಿಮೆ ವೆಚ್ಚದ್ದಾಗಿದ್ದು ಬಿಸಿಲನ್ನು ಪ್ರತಿಫಲಿಸುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯಂತಹ ಬಿಸಿಲಿನ ಜಿಲ್ಲೆಗಳಲ್ಲಿ ಇದರ ಪ್ರಯೋಜನ ಹೆಚ್ಚು. ನಿಂತ ನೀರನ್ನು ಇದು ಬಹುಕಾಲ ತಾಳದು. ಕೆಲವು ವರ್ಷಗಳಿಗೊಮ್ಮೆ ಮರುಲೇಪನ ಅನಿವಾರ್ಯ. ಪಾಲಿಯುರೆಥೇನ್ ಲೇಪನವು ರಬ್ಬರಿನಂತೆ ಹಿಗ್ಗುವುದರಿಂದ ಸಣ್ಣ ಬಿರುಕುಗಳಿಗೆ ಹೆಚ್ಚು ಸೂಕ್ತ, ವೆಚ್ಚವೂ ಹೆಚ್ಚು. ತೇವವಿರುವ ಕಾಂಕ್ರೀಟಿನ ಮೇಲೆ ಬಳಿದಲ್ಲಿ ಗುಳ್ಳೆಗಳೇಳುತ್ತವೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯ ಸ್ಥಿತಿ ಭಿನ್ನ. ವಾರ್ಷಿಕ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವಲ್ಲಿ ಲೇಪನವೊಂದನ್ನೇ ನಂಬುವುದಕ್ಕಿಂತ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಇಳಿಜಾರು ತಗಡಿನ ಮಾಡು ಕಟ್ಟುವ ಅಲ್ಲಿನ ಜನರ ಪದ್ಧತಿ ವಿವೇಕಯುತವಾದುದು. ಗಾಳಿಗೆ ಹಾರದಂತೆ ಬಿಗಿಯುವುದು ಹಾಗೂ ಸ್ಥಳೀಯ ಸಂಸ್ಥೆಯ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಅವಶ್ಯಕ.

ಕಾಮಗಾರಿ ಮತ್ತು ಪರೀಕ್ಷೆ

ಕಾಮಗಾರಿಯನ್ನು ಮಳೆಗಾಲಕ್ಕೆ ಮುನ್ನ, ತಾರಸಿ ಚೆನ್ನಾಗಿ ಒಣಗಿರುವಾಗ ಕೈಗೊಳ್ಳಬೇಕು. ಸೋರಿಕೆ ಹೆಚ್ಚಾಗಿ ಆರಂಭವಾಗುವುದು ಮೂಲೆಗಳಲ್ಲಿ ಮತ್ತು ಕೊಳವೆಯ ಬಾಯಿಯಲ್ಲಿ. ಹೀಗಾಗಿ ತಾರಸಿ ಮತ್ತು ಪ್ಯಾರಪೆಟ್ ಗೋಡೆ ಕೂಡುವಲ್ಲಿ ಗಾರೆಯಿಂದ ದುಂಡಾಗಿಸಿ, ಹೊದಿಕೆಯನ್ನು ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಏರಿಸತಕ್ಕದ್ದು. ಕೆಲಸ ಮುಗಿದು ಹೊದಿಕೆ ಗಟ್ಟಿಯಾದ ನಂತರ ಕೊಳವೆಗಳ ಬಾಯಿ ಮುಚ್ಚಿ, 25 ಮಿ.ಮೀ. ಎತ್ತರಕ್ಕೆ ನೀರು ನಿಲ್ಲಿಸಿ 48 ಗಂಟೆ ಕಾಲ ಒಳಚಾವಣಿಯನ್ನು ಗಮನಿಸಬೇಕು. ಈ ನೀರಿನ ಭಾರ ಚದರ ಮೀಟರಿಗೆ 25 ಕಿ.ಗ್ರಾಂ. ಆಗುವುದರಿಂದ ಶಿಥಿಲಗೊಂಡ ಚಾವಣಿಯಲ್ಲಿ ಈ ಪರೀಕ್ಷೆ ಸಲ್ಲದು. ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಯ ನಂತರವೇ ಪಾವತಿಸುವಂತೆ ಕರಾರಿನಲ್ಲಿ ಬರೆಸಿಕೊಳ್ಳುವುದು ಒಳಿತು.