ವಾಣಿ ವಿಲಾಸ ಸಾಗರ (ಮಾರಿಕಣಿವೆ): ವೇದಾವತಿ ನದಿಯ ಅಣೆಕಟ್ಟೆ ಹಾಗೂ ಕಟ್ಟೆಯ ಮೇಲಿನ ಹಾದಿಯ ಇತಿಹಾಸ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ವೇದಾವತಿ ನದಿಯು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯನ್ನು ಹಾಯುವ ಸ್ಥಳದಲ್ಲಿ ವಾಣಿ ವಿಲಾಸ ಸಾಗರ ಅಣೆಕಟ್ಟೆಯು ನಿರ್ಮಾಣವಾಗಿರುತ್ತದೆ. ಈ ಸ್ಥಳಕ್ಕೆ ಇಲ್ಲಿನ ಕಣಿವೆ ಮಾರಮ್ಮ ದೇವತೆಯಿಂದ ಮಾರಿಕಣಿವೆ ಎಂಬ ಹೆಸರು ಬಂದಿದೆ. ಯಲ್ಲದಕೆರೆ ಸೇರಿದಂತೆ ಹಿರಿಯೂರು ಸೀಮೆಯ ಜನರಲ್ಲಿ ಇಂದಿಗೂ ಆ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಸದರಿ ಕಾಮಗಾರಿಯ ಹಿನ್ನೆಲೆ, ಉದ್ದೇಶ ಹಾಗೂ ಜಲಾಶಯದ ಅಂಚಿನ ಜಮೀನುಗಳ ಬಗ್ಗೆ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ನದಿಯ ಪರಿಚಯ

ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿ ಎನಿಸಿಕೊಳ್ಳುತ್ತವೆ. ಮೊದಲನೆಯದರ ಹಾದಿಯಲ್ಲಿ ಅಯ್ಯನಕೆರೆಯೂ ಎರಡನೆಯದರ ಹಾದಿಯಲ್ಲಿ ಮದಗದ ಕೆರೆಯೂ ಇವೆ. ನದಿಯು ಹೊಸದುರ್ಗ ತಾಲ್ಲೂಕನ್ನು ಹಾಯ್ದು ಮಾರಿಕಣಿವೆಯನ್ನು ಪ್ರವೇಶಿಸುತ್ತದೆ. ಅಣೆಕಟ್ಟೆಯಿಂದ ಮುಂದೆ ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಮೂಲಕ ಸಾಗಿ, ಆಂಧ್ರಪ್ರದೇಶದ ಅನಂತಪುರ ಸೀಮೆಯನ್ನು ದಾಟಿ, ಬಳ್ಳಾರಿ ಭಾಗದಲ್ಲಿ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ.

ಕಾಮಗಾರಿಯ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯು ಮಳೆನೆರಳಿನ ಪ್ರದೇಶದಲ್ಲಿದೆ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅಪಾರ ಜನಹಾನಿಯನ್ನು ಅನುಭವಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಒಂದು ವರ್ಷದ ಮಳೆಯನ್ನು ಅದೇ ವರ್ಷದ ಬೆಳೆಗೆ ಒದಗಿಸುವ ಸಣ್ಣ ಕೆರೆಗಳು, ಮಳೆ ಸತತವಾಗಿ ಕೈಕೊಟ್ಟಾಗ ಆಸರೆಯಾಗಲಾರವು ಎಂಬುದು ಈ ಕ್ಷಾಮದಿಂದ ಸ್ಪಷ್ಟವಾಯಿತು.

1881ರಲ್ಲಿ ಆಡಳಿತವು ಮೈಸೂರು ಅರಸರಿಗೆ ಮರಳಿದ ನಂತರ ರೈಲು ಮಾರ್ಗ ಹಾಗೂ ನೀರಾವರಿ ಕಾಮಗಾರಿಗಳಿಗೆ ಆದ್ಯತೆ ದೊರೆಯಿತು. 1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮಾರಿಕಣಿವೆ ಕಾಮಗಾರಿಯು ಆರಂಭವಾಯಿತು. 1894ರ ಡಿಸೆಂಬರ್‌ನಲ್ಲಿ ಹತ್ತನೆಯ ಚಾಮರಾಜ ಒಡೆಯರ್ ಅವರು ನಿಧನರಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಇನ್ನೂ ಬಾಲಕರಾಗಿದ್ದ ಕಾರಣ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನ ಅವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಕಾಮಗಾರಿಯು 1907ರಲ್ಲಿ ನಾಲ್ವಡಿಯವರ ಆಳ್ವಿಕೆಯಲ್ಲಿ ಪೂರ್ಣಗೊಂಡಿತು.

ಈ ಅಣೆಕಟ್ಟೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದರೆಂಬ ಮಾತು ಕೆಲವೊಮ್ಮೆ ಕೇಳಿಬರುತ್ತದೆ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಸೇವೆಗೆ ಸೇರಿದ್ದು 1909ರಲ್ಲಿ. ಅಷ್ಟರೊಳಗೆ ಮಾರಿಕಣಿವೆಯ ಕೆಲಸ ಮುಗಿದಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ.

ಮುಖ್ಯಾಂಶಗಳು

* ನದಿ: ವೇದಾವತಿ
* ನಿರ್ಮಾಣ ಪೂರ್ಣಗೊಂಡ ವರ್ಷ: 1907
* ಕಟ್ಟೆಯ ಸ್ವರೂಪ: ಕಲ್ಲು ಮತ್ತು ಗಾರೆಯ ಕಟ್ಟಡ
* ಕಟ್ಟೆಯ ಉದ್ದ: ಸುಮಾರು 405 ಮೀಟರ್
* ಕಟ್ಟೆಯ ಎತ್ತರ: ಸುಮಾರು 50 ಮೀಟರ್
* ಪೂರ್ಣ ಮಟ್ಟ: 130 ಅಡಿ
* ಸಂಗ್ರಹ ಸಾಮರ್ಥ್ಯ: ಸುಮಾರು 30 ಟಿ.ಎಂ.ಸಿ.

ಕಟ್ಟೆಯ ಮೇಲಿನ ಹಾದಿ

ಕಟ್ಟೆಯು ತನ್ನ ಭಾರದಿಂದಲೇ ನೀರಿನ ಒತ್ತಡವನ್ನು ತಡೆದು ನಿಲ್ಲುವ ಬಗೆಯದಾಗಿದೆ. ಬುಡದಲ್ಲಿ ಬಹಳ ಅಗಲವಾಗಿದ್ದು ಮೇಲೇರಿದಂತೆ ಕಿರಿದಾಗುವ ಈ ಕಟ್ಟಡದ ನೆತ್ತಿಯ ಮೇಲೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ನಡೆದು ಹೋಗುವ ಹಾದಿ ಇದೆ. ಮೇಲೆ ನಿರ್ಮಿಸಿರುವ ಮಂಟಪಗಳು ಅಂದಿನ ಮೈಸೂರಿನ ಕಟ್ಟಡ ಶೈಲಿಗೆ ಉತ್ತಮ ಮಾದರಿಗಳು. ಹಾದಿಯ ಒಂದು ಬದಿಗೆ ವಿಶಾಲವಾದ ನೀರು, ಇನ್ನೊಂದು ಬದಿಗೆ ಆಳದ ಕಣಿವೆ ಹಾಗೂ ಅಚ್ಚುಕಟ್ಟಿನ ತೋಟಗಳ ದಿಕ್ಕು ಕಾಣುತ್ತದೆ.

ಈ ಹಾದಿಯು ಮೂಲತಃ ಕಟ್ಟೆಯ ತಪಾಸಣೆಗೆ ಮತ್ತು ನಿರ್ವಹಣೆಗೆ ಬೇಕಾದುದು. ಆದ್ದರಿಂದ ಸಾರ್ವಜನಿಕರ ಪ್ರವೇಶವು ನೀರಿನ ಮಟ್ಟ ಮತ್ತು ಸುರಕ್ಷತೆಗೆ ಅನುಗುಣವಾಗಿ ಕಾಲಕಾಲಕ್ಕೆ ಹೊರಡಿಸುವ ಸೂಚನೆಗಳಿಗೆ ಒಳಪಟ್ಟಿರುತ್ತದೆ.

ಜಲಾಶಯದ ಉದ್ದೇಶ ಮತ್ತು ಕಾರ್ಯವಿಧಾನ

ಜಲಾಶಯವು ಅಪರೂಪಕ್ಕೆ ತುಂಬುವ ಕಾರಣ, ಅಗತ್ಯಕ್ಕಿಂತ ದೊಡ್ಡದಾಗಿ ಕಟ್ಟಲಾಗಿದೆ ಎಂಬ ಟೀಕೆ ಇದೆ. ಉತ್ತಮ ಮಳೆಯ ವರ್ಷಗಳ ನೀರನ್ನು ಹಿಡಿದಿಟ್ಟು, ಮಳೆಯಿಲ್ಲದ ವರ್ಷಗಳಿಗೆ ಒದಗಿಸುವುದೇ ಇಂತಹ ಜಲಾಶಯದ ಪ್ರಯೋಜನ. ತುಂಬದಿದ್ದ ವರ್ಷಗಳಲ್ಲಿಯೂ ಇಲ್ಲಿನ ನೀರು ಅಚ್ಚುಕಟ್ಟಿನ ತೆಂಗು, ಅಡಿಕೆ ತೋಟಗಳನ್ನು ಉಳಿಸಿದೆ. ಹಿರಿಯೂರು, ಚಳ್ಳಕೆರೆ ಹಾಗೂ ಚಿತ್ರದುರ್ಗ ನಗರಗಳ ಕುಡಿಯುವ ನೀರಿಗೂ ಇದು ಆಧಾರವಾಗಿದೆ.

ತೂಬಿನಿಂದ ನದಿಯ ಪಾತ್ರಕ್ಕೆ ಬಿಡುವ ನೀರನ್ನು ಕೆಳಭಾಗದ ಒಡ್ಡಿನಲ್ಲಿ ತಡೆದು, ಎಡದಂಡೆ ಮತ್ತು ಬಲದಂಡೆ ನಾಲೆಗಳಿಗೆ ಹರಿಸಲಾಗುತ್ತದೆ. ಪೂರ್ಣ ಮಟ್ಟವನ್ನು ಮೀರಿದ ನೀರು ಕೋಡಿಯ ಮೂಲಕ ಹೊರಹೋಗುತ್ತದೆ. ಕೋಡಿಗೆ ಗೇಟುಗಳಿಲ್ಲ. ಆದ್ದರಿಂದ ಒಳಹರಿವು ಹೆಚ್ಚಿದಾಗ ಕೋಡಿಯ ಹರಿವನ್ನು ಕಡಿಮೆ ಅಥವಾ ಹೆಚ್ಚು ಮಾಡಲು ಅವಕಾಶವಿರುವುದಿಲ್ಲ.

1933, 2022 ಮತ್ತು 2025

1933ರಲ್ಲಿ ನೀರಿನ ಮಟ್ಟವು 135.25 ಅಡಿಗೆ ಏರಿ ಕೋಡಿ ಹರಿಯಿತು. ಆ ಬಳಿಕ ಜಲಾಶಯವು ಪೂರ್ಣವಾಗಿ ತುಂಬಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಅಂದರೆ 89 ವರ್ಷಗಳ ತರುವಾಯ. 2025ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಿತು. ಈ ಬದಲಾವಣೆಗೆ ಉತ್ತಮ ಮಳೆಯ ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ಜಲಾಶಯದಿಂದ ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ವೇದಾವತಿಯ ಕಡೆಗೆ ಹರಿಸಿದ್ದೂ ಕಾರಣವಾಗಿದೆ.

89 ವರ್ಷವೆಂದರೆ ಮೂರು ತಲೆಮಾರು. ಈ ಅವಧಿಯಲ್ಲಿ ನೀರು ಮುಟ್ಟದಿದ್ದ ಅಂಚಿನ ನೆಲದಲ್ಲಿ ಉಳುಮೆ ನಡೆಯಿತು, ತೋಟಗಳು ಎದ್ದವು. ಪೂರ್ಣ ಮಟ್ಟದ ಗೆರೆ ಎಲ್ಲಿದೆ ಎಂಬುದು ಜನರ ನೆನಪಿನಿಂದ ಮರೆಯಾಯಿತು. 2022ರಲ್ಲಿ ಕೆಳಭಾಗದ ರೈತರು ಸಂಭ್ರಮಿಸಿದ ದಿನಗಳಲ್ಲೇ, ಹೊಸದುರ್ಗ ತಾಲ್ಲೂಕಿನ ಹಿನ್ನೀರು ಭಾಗದ ರೈತರ ಜಮೀನುಗಳು ಮುಳುಗಿದವು. ಕೋಡಿಯ ಎತ್ತರವನ್ನು ತಗ್ಗಿಸಬೇಕೆಂಬ ಬೇಡಿಕೆ ಮೇಲ್ಭಾಗದಿಂದಲೂ, ತಗ್ಗಿಸಬಾರದೆಂಬ ಒತ್ತಾಯ ಕೆಳಭಾಗದಿಂದಲೂ ಬಂದಿತು. ಎರಡೂ ಕಡೆಯವರ ಬದುಕು ಇದೇ ನೀರಿನೊಂದಿಗೆ ಹೊಂದಿಕೊಂಡಿದೆ. ಭದ್ರಾ ನೀರು ಬರುವ ವ್ಯವಸ್ಥೆಯಾದ ಮೇಲೆ ಜಲಾಶಯ ತುಂಬುವುದನ್ನು ತಲೆಮಾರಿಗೊಮ್ಮೆ ನಡೆಯುವ ಘಟನೆಯೆಂದು ಭಾವಿಸುವಂತಿಲ್ಲ.

ಸಾರ್ವಜನಿಕರ ಗಮನಕ್ಕೆ

1. ಹಿನ್ನೀರಿನ ಅಂಚಿನಲ್ಲಿ ಜಮೀನು ಖರೀದಿಸುವ, ಮನೆ ಕಟ್ಟುವ ಅಥವಾ ಕೊಳವೆಬಾವಿ ಕೊರೆಯಿಸುವ ಮುನ್ನ ಪಹಣಿ, ಸರ್ವೆ ನಕಾಶೆ ಹಾಗೂ ಸದರಿ ಜಮೀನು ಜಲಾಶಯಕ್ಕಾಗಿ ಭೂಸ್ವಾಧೀನಗೊಂಡಿದೆಯೇ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಪರಿಶೀಲಿಸಿಕೊಳ್ಳುವುದು.

2. ಹಲವು ವರ್ಷಗಳಿಂದ ನೀರು ಬಂದಿಲ್ಲವೆಂಬ ಕಾರಣಕ್ಕೆ ಮುಳುಗಡೆ ಪ್ರದೇಶವನ್ನು ಸುರಕ್ಷಿತವೆಂದು ತಿಳಿಯಬಾರದು. ಕೋಡಿ ಹರಿಯುವಾಗ ನೀರಿನ ಮಟ್ಟವು 130 ಅಡಿಗಿಂತ ಮೇಲಿರುತ್ತದೆ.

3. ಬೆಳೆ ಅಥವಾ ಮನೆ ಹಾನಿಯ ಬಗ್ಗೆ ಅರ್ಜಿ ಸಲ್ಲಿಸುವವರು ಸರ್ವೆ ನಂಬರ್, ವಿಸ್ತೀರ್ಣ, ಬೆಳೆಯ ವಿವರ ಮತ್ತು ನೀರು ಆವರಿಸಿದ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸುವುದು. ನೀರು ನಿಂತಿರುವಾಗಲೇ ತೆಗೆದ ಛಾಯಾಚಿತ್ರಗಳನ್ನು ಲಗತ್ತಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ. ಸಲ್ಲಿಸಿದ ಅರ್ಜಿಗೆ ಸ್ವೀಕೃತಿಯನ್ನು ತಪ್ಪದೇ ಪಡೆಯುವುದು.

4. ಕೋಡಿ ಹರಿಯುವ ದಿನಗಳಲ್ಲಿ ನದಿ ಪಾತ್ರಕ್ಕೆ ಇಳಿಯುವುದು, ದನಕರುಗಳನ್ನು ಬಿಡುವುದು, ಬಟ್ಟೆ ಒಗೆಯುವುದು ಅಪಾಯಕರ. ನದಿ ದಂಡೆಯ ಪಂಪ್‌ಸೆಟ್‌ಗಳನ್ನು ಮುಂಚಿತವಾಗಿ ಎತ್ತರದ ಸ್ಥಳಕ್ಕೆ ಸಾಗಿಸುವುದು.

5. ಕಟ್ಟೆಯ ಮೇಲಿನ ಹಾದಿ ಹಾಗೂ ಮಂಟಪಗಳ ಮೇಲೆ ಹೆಸರು ಕೆತ್ತುವುದು, ಕಲ್ಲುಗಳನ್ನು ಕೀಳುವುದು, ತಡೆಗೋಡೆಯ ಮೇಲೆ ಹತ್ತುವುದು ಸಲ್ಲದು.

ಶತಮಾನದ ಹಿಂದೆ ಸಾರ್ವಜನಿಕ ಹಣದಿಂದ ನಿರ್ಮಾಣಗೊಂಡ ಈ ಕಟ್ಟೆಯು ಇಂದಿಗೂ ಜಿಲ್ಲೆಗೆ ನೀರು ಒದಗಿಸುತ್ತಿದೆ. ಕಟ್ಟೆಯ ರಕ್ಷಣೆಗೂ ಪೂರ್ಣ ಮಟ್ಟದ ಗೆರೆಯನ್ನು ಗೌರವಿಸುವುದಕ್ಕೂ ನಾಗರಿಕರು ಸಹಕರಿಸಬೇಕೆಂದು ಕೋರಲಾಗಿದೆ.