ಕಾರವಾರದ ಭಾನುವಾರ

ರಜೆಗೆಂದು ಕಾರವಾರಕ್ಕೆ ಬಂದವರು ಶನಿವಾರ ಸಂಜೆ ಟಾಗೋರ್ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಿ, ಭಾನುವಾರ ತಿಂಡಿ ಮುಗಿಸಿ ಗೋಕರ್ಣಕ್ಕೋ ಗೋವಾಕ್ಕೋ ಹೊರಟುಬಿಡುವುದು ವಾಡಿಕೆ. ಪೇಟೆಯ ಬೀದಿಗಳು ಜನರಿಂದ ಕಟ್ಟಿಕೊಂಡದ್ದು ಕಂಡರೆ ಡ್ರೈವರಿಗೆ ಬೇರೆ ದಾರಿ ಹಿಡಿಯಲು ಹೇಳುತ್ತಾರೆ. ಅದೇ ಹೊತ್ತಿಗೆ ಮಾಜಾಳಿ ಗಡಿಯ ಆಚೆಯಿಂದ ಗೋವಾ ನಂಬರಿನ ಗಾಡಿಗಳು ಖಾಲಿ ಚೀಲ ಹಿಡಿದವರನ್ನು ತುಂಬಿಕೊಂಡು ಇದೇ ಬೀದಿಗಳನ್ನು ಹುಡುಕಿಕೊಂಡು ಬರುತ್ತಿರುತ್ತವೆ. ಕಾಣಕೋಣದ ಕಡೆಯವರಿಗೆ ಕಾರವಾರದ ಭಾನುವಾರ ಸಂತೆ ಹೊರರಾಜ್ಯದ್ದು ಅನ್ನಿಸುವುದೇ ಇಲ್ಲ. ತರಕಾರಿ ಅಗ್ಗ, ಮಾತು ಕೊಂಕಣಿ, ಇನ್ನೇನು ಬೇಕು?

ಸಂತೆಯ ಅರ್ಧ ಭಾಗ ಘಟ್ಟದ ಮೇಲಿನದು. ಹುಬ್ಬಳ್ಳಿ, ಹಾವೇರಿ, ಬೆಳಗಾವಿ ಕಡೆಯ ವ್ಯಾಪಾರಿಗಳು ರಾತ್ರಿಯೇ ಘಟ್ಟ ಇಳಿದು, ಬೆಳಕು ಹರಿಯುವ ಮೊದಲು ತಾಡಪತ್ರಿ ಹಾಸಿ ಈರುಳ್ಳಿ, ಬದನೆ, ಹಸಿಮೆಣಸು, ಬ್ಯಾಡಗಿ ಮೆಣಸಿನಕಾಯಿ ರಾಶಿ ಹಾಕುತ್ತಾರೆ. ‘ಬರ್ರಿ, ತಗೋರಿ’ ಎಂಬ ಅವರ ಕೂಗಿಗೆ ಕರಾವಳಿಯ ಗಿರಾಕಿ ‘ಕಿತ್ಲೆ?’ ಎಂದು ಕೇಳಿ, ಬೆರಳಿನಲ್ಲಿ ಲೆಕ್ಕ ಮಾಡಿ ವ್ಯವಹಾರ ಮುಗಿಸುತ್ತಾಳೆ.

ಉಳಿದರ್ಧ ಇಲ್ಲಿನದೇ. ನನಗೆ ಹೆಚ್ಚು ಹೊತ್ತು ಹಿಡಿಯುವುದು ಈ ಭಾಗ. ರಸ್ತೆಯಂಚಿನಲ್ಲಿ ಒಂದೊಂದು ಬುಟ್ಟಿಯ ಹಿಂದೆ ಒಬ್ಬೊಬ್ಬ ಹೆಂಗಸು. ಬುಟ್ಟಿಯಲ್ಲಿರುವುದು ಅವಳ ಹಿತ್ತಲಲ್ಲಿ ಆ ವಾರ ಆದದ್ದು ಮಾತ್ರ: ನಾಲ್ಕು ಕಟ್ಟು ಬಸಳೆ, ಕೆಂಪು ಹರಿವೆ, ಎರಡು ಮೊಗೆಕಾಯಿ, ಗೆಣಸು, ಒಂದು ಬಾಳೆಗೊನೆಯ ಅರ್ಧ, ಎಲೆಯಲ್ಲಿ ಸುತ್ತಿದ ಅಬ್ಬಲಿಗೆ ದಂಡೆ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ಇಲ್ಲಿ ನೋಡಬೇಕು. ಪತ್ರಿಕೆ ಓದುವವರಿಗೆ ಹಾಲಕ್ಕಿಗಳೆಂದರೆ ಸುಕ್ರಿ ಬೊಮ್ಮಗೌಡರ ಹಾಡು, ತುಳಸಿ ಗೌಡರ ಗಿಡ, ಇಬ್ಬರಿಗೂ ಬಂದ ಪದ್ಮಶ್ರೀ. ಸಂತೆಗೆ ಬರುವವರಿಗೆ ಅವರು ಚೌಕಾಸಿಗೆ ಜಗ್ಗದ ತರಕಾರಿಯವರು. ‘ನೆಟ್ಟವ್ಳು ನಾನು, ಹೊತ್ತವ್ಳು ನಾನು, ರೇಟು ನೀ ಹೇಳೂದಾ ತಮ್ಮಾ?’ ಎಂದು ಒಬ್ಬ ಅಜ್ಜಿ ನನ್ನನ್ನು ಸುಮ್ಮನಾಗಿಸಿದಳು. ಹೇಳಿದಷ್ಟು ಕೊಟ್ಟೆ.

ಸಾಣಿಕಟ್ಟೆಯ ಹರಳುಪ್ಪು, ಒಣಗಿಸಿದ ಮುರುಗಲು ಸಿಪ್ಪೆ, ಬಂಗಡೆ ಸಾರಿಗೆ ಬೇಕೇಬೇಕಾದ ತೆಫಳ, ಕೆಂಪು ಕುಚ್ಚಲಕ್ಕಿ ಎಲ್ಲ ಇದೇ ಸಾಲಿನಲ್ಲಿ ಸಿಗುತ್ತವೆ. ಒಂದು ಊಟಕ್ಕೆ ಬೇಕಾದದ್ದನ್ನು ಹತ್ತು ಹೆಜ್ಜೆಯಲ್ಲಿ ಕೊಳ್ಳಬಹುದು, ಮೀನು ಒಂದನ್ನು ಬಿಟ್ಟು.

ಮೀನಿಗೆ ಹೋಗುವ ಮೊದಲು ಈ ಊರು ಇಲ್ಲಿ ಯಾಕಿದೆ ಎಂದು ಹೇಳಬೇಕು, ಯಾಕೆಂದರೆ ಇದನ್ನು ಕಟ್ಟಿದವರ ಲೆಕ್ಕದಲ್ಲಿ ಬುಟ್ಟಿಯೂ ಇರಲಿಲ್ಲ, ಬಸಳೆಯೂ ಇರಲಿಲ್ಲ. ಹಳೆಯ ಕಾರವಾರ ಕಾಳಿ ನದಿಯ ದಂಡೆಯಲ್ಲಿತ್ತು. 1638ರಲ್ಲಿ ಇಂಗ್ಲಿಷರು ಅಲ್ಲಿ ಕೋಠಿ ಹಾಕಿದ್ದು ಕರಿಮೆಣಸು ಮತ್ತು ಘಟ್ಟದ ಮೇಲಿನ ನಯವಾದ ಬಟ್ಟೆಗಾಗಿ. ನದಿಯ ಆಚೆ ದಡದ ಸದಾಶಿವಗಡ ಸೋದೆಯ ಅರಸರದು. ಈಗಿನ ಪೇಟೆ ಹತ್ತೊಂಬತ್ತನೆಯ ಶತಮಾನದ್ದು. ಧಾರವಾಡ ಸೀಮೆಯ ಹತ್ತಿ ಇಲ್ಲಿಂದ ಹಡಗು ಹತ್ತಬೇಕೆಂದು ಮುಂಬಯಿಯ ವರ್ತಕರು ಆಸೆಪಟ್ಟರು. ಅದಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಹೊನ್ನಾವರದಲ್ಲಿದ್ದ ಜಿಲ್ಲೆಯ ಕಚೇರಿ ಇಲ್ಲಿಗೆ ಬಂತು. ಹುಬ್ಬಳ್ಳಿಯಿಂದ ರೈಲೂ ಬರುವುದಿತ್ತು. ಆದರೆ ರೈಲು ಪೋರ್ಚುಗೀಸರ ಮಾರ್ಮಗೋವಾಕ್ಕೆ ಇಳಿಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಹಳಿ ಹಾಕುವ ಯೋಜನೆ ಇವತ್ತಿಗೂ ಕಾಡು, ಕೋರ್ಟು ಎಂದು ಅಲೆಯುತ್ತಲೇ ಇದೆ. ಈರುಳ್ಳಿ ಮಾತ್ರ ಲಾರಿಯಲ್ಲಿ ವಾರವಾರ ಇಳಿಯುತ್ತದೆ.

ಹತ್ತಿ ಹೋದ ಮೇಲೆ ಉಳಿದದ್ದು ಕಚೇರಿ, ಕೋರ್ಟು ಮತ್ತು ಸಮುದ್ರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದ ತರುಣ ರವೀಂದ್ರನಾಥರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದನ್ನು ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಆ ಬಂಗಾಳಿ ಮನೆಯಿಂದ ಮೀನು ಪೇಟೆಗೆ ದಿನವೂ ಆಳು ಹೋಗಿರಬೇಕು ಎಂಬುದು ನನ್ನ ಊಹೆ.

ಮೀನು ಪೇಟೆಯಲ್ಲಿ ಕೂತವರೂ ಹೆಂಗಸರೇ. ಬೈತಖೋಲ ಬಂದರಿಗೆ ಬೋಟು ಬಂದು ಹರಾಜು ಮುಗಿದ ಮೇಲೆ ಗಂಡಸರ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಕೊಳ್ಳುವುದು, ಐಸು ಹಾಕುವುದು, ಹೊರುವುದು, ಮಾರುವುದು, ಸಾಲ ನೆನಪಿಟ್ಟುಕೊಳ್ಳುವುದು ಖಾರ್ವಿ, ಹರಿಕಂತ್ರ, ಗಾಬಿತ ಹೆಂಗಸರದು. ಇಸ್ವಣ, ಪಾಪ್ಲೆಟ್ ಮುಂದಿನ ಸಾಲಿನಲ್ಲಿ ಹೊಳೆಯುತ್ತವೆ. ಅವು ಹೋಟೆಲಿನವರಿಗೆ, ಗೋವಾದವರಿಗೆ, ನಮ್ಮಂಥ ರಜೆಯವರಿಗೆ. ಊರಿನವರು ನೇರ ಬಂಗಡೆ, ತಾರ್ಲೆಯ ಹತ್ತಿರ ಹೋಗುತ್ತಾರೆ. ದೊಡ್ಡ ಮೀನನ್ನು ತೂಗುತ್ತಾರೆ. ಬಂಗಡೆಗೆ ಲೆಕ್ಕ, ನೂರು ರೂಪಾಯಿಗೆ ಇಷ್ಟು ಎಂದು. ಸೆಟ್ಲಿ, ಅಂದರೆ ಸಿಗಡಿ, ಮತ್ತು ಸಣ್ಣ ಮೀನಿಗೆ ಪಾಲು: ಕೈಯಳತೆಯ ಗುಪ್ಪೆ, ಕೊನೆಗೆ ಮೇಲೊಂದು ಹಿಡಿ. ಆ ಹಿಡಿಯನ್ನು ಕೇಳದೆ ಬರುವವನನ್ನು ಪರವೂರಿನವನೆಂದು ಅವರು ಕೂಡಲೇ ಗುರುತಿಸುತ್ತಾರೆ.

ಕಾಳಿ ಸಮುದ್ರ ಸೇರುವಲ್ಲಿ, ನೀರು ಇಳಿದಾಗ ಕೆಸರಿನಿಂದ ಆರಿಸಿದ ತಿಸ್ರೆ ಬೇರೆಯೇ ಮೂಲೆಯಲ್ಲಿ. ಕುಮಟೆಯ ಕಡೆ ಇದು ಬಳಚು. ಚಿಪ್ಪು ಬಾಯಿ ಬಿಟ್ಟಿದ್ದರೆ, ಮುಟ್ಟಿದಾಗ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಅದು ಸತ್ತದ್ದು, ಕೊಳ್ಳಬಾರದು. ಈ ಪಾಠವನ್ನು ಮಾರುವವಳೇ ಹೇಳಿಕೊಟ್ಟಳು, ತನ್ನ ರಾಶಿಯಿಂದಲೇ ಎರಡನ್ನು ಎತ್ತಿ ಬಿಸಾಡಿ.

ಈ ಪೇಟೆಯನ್ನು ಹಿಂದೆ ಸಾಕಿದ್ದು ರಂಪಣಿ ಬಲೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಹತ್ತಾರು ಜನ ಸೇರಿ ಎಳೆಯುವುದು. ಬಲೆಗೆ, ದೋಣಿಗೆ, ಎಳೆದವರಿಗೆ ಎಂದು ಪಾಲು ಹಂಚುವುದು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂಗಡೆಯ ಹಿಂಡನ್ನು ಆಳದಲ್ಲೇ ಸುತ್ತುಗಟ್ಟಿ ಎತ್ತತೊಡಗಿದ ಮೇಲೆ ರಂಪಣಿ ಸೊರಗಿತು. ಈಗಲೂ ಕೆಲವು ದಿನ ಟಾಗೋರ್ ತೀರದಲ್ಲಿ ಬಲೆ ಎಳೆಯುತ್ತಾರೆ, ಫೋನು ಹಿಡಿದ ಪ್ರವಾಸಿಗಳ ನಡುವೆ.

ಬಲೆ ಎಳೆಯಲು ದಡ ಬೇಕು, ಮೀನು ಒಣಗಿಸಲೂ ದಡ ಬೇಕು. ಆ ದಡ ಚಿಕ್ಕದಾಗುತ್ತ ಬಂದಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಐಎನ್ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಅರಗಾ, ಬಿಣಗಾದಿಂದ ಅಂಕೋಲೆ ತಾಲ್ಲೂಕಿನವರೆಗೆ ಕಡಲಂಚಿನ ಹಳ್ಳಿಗಳು ಎದ್ದುಹೋದವು. ದೇಶಕ್ಕೆ ನೌಕಾನೆಲೆ ಬೇಕು, ಒಪ್ಪೋಣ. ಆದರೆ ಸಮುದ್ರದಿಂದ ದೂರ ಮನೆ ಕಟ್ಟಿಕೊಟ್ಟು ಪುನರ್ವಸತಿ ಎಂದರೆ ಮೀನುಗಾರನಿಗೆ ಅದು ಅರ್ಧ ವಸತಿ ಮಾತ್ರ. ಆದ್ದರಿಂದಲೇ ವಾಣಿಜ್ಯ ಬಂದರನ್ನು ಟಾಗೋರ್ ತೀರದತ್ತ ವಿಸ್ತರಿಸುವ ಕೆಲಸ 2020ರ ಜನವರಿಯಲ್ಲಿ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಹತ್ತಿಯ ಕಾಲದಿಂದ ದೊಡ್ಡ ಬಂದರಿನ ಕನಸು ಈ ಊರನ್ನು ಬಿಟ್ಟಿಲ್ಲ. ಆ ಕನಸಿನ ನಕ್ಷೆಯಲ್ಲಿ ಮೀನು ಪೇಟೆಗೆ ಜಾಗ ಎಂದೂ ಇದ್ದಂತಿಲ್ಲ. ಆದರೂ ಊರಿನ ಅನ್ನಕ್ಕೆ ಸಾರು ಇಲ್ಲಿಂದಲೇ ಹೋಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳು ಮೀನು ಪೇಟೆ ಬಡವಾಗುತ್ತದೆ. ಹೊಳೆಯ ಮೀನು, ಹೊರಗಿನಿಂದ ಬಂದ ಐಸಿನ ಮೀನು, ಅಷ್ಟೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ಭಾನುವಾರಗಳಲ್ಲಿ ಸಂತೆಯ ಜೋರೆಲ್ಲ ಒಣಮೀನಿನ ಸಾಲಿನಲ್ಲಿ. ಮಳೆಗಾಲಕ್ಕೆ ದಾಸ್ತಾನು ಮಾಡುವ ಗೃಹಿಣಿಯರು ಉಪ್ಪು ಹಾಕಿದ ಬಂಗಡೆಯನ್ನು ಬಾಗಿಸಿ, ಮೂಸಿ, ಹೊಟ್ಟೆಯ ಭಾಗವನ್ನು ಒತ್ತಿ ನೋಡುತ್ತಾರೆ. ಒಳಗೆ ಹಸಿ ಉಳಿದಿದ್ದರೆ ಜೂನ್ ತಿಂಗಳ ಥಂಡಿಗೆ ಹುಳ ಬೀಳುವುದು ಖಂಡಿತ. ಒಣ ಸೆಟ್ಲಿಯನ್ನು ಅಂಗೈಯಲ್ಲಿ ಹಾಕಿ ಊದುತ್ತಾರೆ, ಮರಳು ಎಷ್ಟಿದೆ ಎಂದು ತಿಳಿಯಲು.

ನಾನು ಕೊಂಡದ್ದು ಒಣ ಸೆಟ್ಲಿ, ಮುರುಗಲು. ಕಟ್ಟುವ ಮೊದಲು ಮಾರುವವಳು ಕೇಳಿದಳು: ‘ಬಸ್ಸೋ, ರೈಲೋ?’

ಬಸ್ಸು ಎಂದೆ. ಮತ್ತೆರಡು ಪೇಪರು ಸುತ್ತಿ, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಹಾಕಿ ಬಿಗಿದು, ಮುರುಗಲಿನ ಪೊಟ್ಟಣವನ್ನು ಅದರ ಮೇಲೆಯೇ ಇಟ್ಟಳು. ‘ಕಂಡಕ್ಟರು ಕೇಳಿದ್ರೆ ಇದನ್ನ ಬಿಚ್ಚಿ ತೋರಿಸಿ’ ಎಂದು ಮುಂದಿನ ಗಿರಾಕಿಯತ್ತ ತಿರುಗಿದಳು.