ಮಡಚುವ ಮೇಜಿನ ಆರು ತಿಂಗಳು

ಅರಮನೆಯ ಮೇಜಿಗೆ ದಾಖಲೆ ಸಿಗುತ್ತದೆ. ಯಾರು ಮಾಡಿಸಿದರು, ಎಷ್ಟು ಕೊಟ್ಟರು, ಯಾವ ಕೋಣೆಯಲ್ಲಿ ಇಟ್ಟರು, ಎಲ್ಲವನ್ನೂ ಲೆಕ್ಕ ಬರೆಯುವವನು ಬರೆದಿಟ್ಟಿರುತ್ತಾನೆ. ಸಾಧಾರಣ ಮನೆಯೊಂದರ ಗೋಡೆಗೆ ಒತ್ತಿಕೊಂಡು ನಿಂತು, ತಿಂಡಿಯ ಹೊತ್ತಿಗೆ ರೆಕ್ಕೆ ಬಿಚ್ಚಿ, ಆಮೇಲೆ ಮತ್ತೆ ಮಡಚಿಕೊಳ್ಳುವ ಪುಟ್ಟ ಮೇಜಿಗೆ ಆ ಭಾಗ್ಯವಿಲ್ಲ. ಇಂಗ್ಲೆಂಡಿನ ಪೆಂಬ್ರೋಕ್ ಮೇಜಿನ ಜಾಡು ಹಿಡಿದು ನಾನು ಹೊರಟಾಗ ಅದರ ಚಿತ್ರಗಳು ಬೇಕಾದಷ್ಟು ಸಿಕ್ಕವು. ಅದು ಒಂದು ಮನೆಯೊಳಗೆ ಹೇಗೆ ಬಾಳಿತು, ಯಾಕೆ ಬಂತು, ಯಾಕೆ ಹೋಯಿತು ಎಂಬುದನ್ನು ಮಾತ್ರ ಬೇರೆ ಬೇರೆ ಕಡೆಯಿಂದ ಹೆಕ್ಕಬೇಕಾಯಿತು.

ಪೆಂಬ್ರೋಕ್ ಎಂದರೆ 18ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಮನೆಗಳಿಗೆ ಒಗ್ಗಿಹೋದ, ಎರಡೂ ಬದಿಗೆ ರೆಕ್ಕೆ ಇಳಿಬಿಟ್ಟ ಚಿಕ್ಕ ಮೇಜು. ನಾಲ್ಕು ಸಪೂರ ಕಾಲು, ಸಾಮಾನ್ಯವಾಗಿ ಕಾಲಿನಡಿ ಹಿತ್ತಾಳೆಯ ಪುಟ್ಟ ಗಾಲಿ. ಒಂದು ತುದಿಯಲ್ಲಿ ಡ್ರಾಯರ್, ಇನ್ನೊಂದು ತುದಿಯಲ್ಲಿ ನೋಟಕ್ಕೆ ಜೋಡಿಯಾಗಲೆಂದು ಕೂರಿಸಿದ ಹುಸಿ ಡ್ರಾಯರಿನ ಮುಖ. ಇದಕ್ಕೆ ಮುಂಚಿನ, 17ನೇ ಶತಮಾನದ ಓಕ್ ಮೇಜುಗಳಲ್ಲಿ ಗೇಟಿನಂತೆ ತಿರುಗುವ ಹೆಚ್ಚುವರಿ ಕಾಲುಗಳಿದ್ದವು. ಕೂತವರ ಮೊಣಕಾಲಿಗೆ ಅವು ಅಡ್ಡ. ಪೆಂಬ್ರೋಕಿನಲ್ಲಿ ಕಾಲು ಕದಲುವುದಿಲ್ಲ. ಚೌಕಟ್ಟಿನೊಳಗಿಂದ ಮರದ ಒಂದು ತೋಳು ಹೊರಳಿ ಬಂದು ರೆಕ್ಕೆಯನ್ನು ಹೊರುತ್ತದೆ. ತೋಳು ಗಿಡ್ಡ, ಆದ್ದರಿಂದ ರೆಕ್ಕೆಯೂ ಗಿಡ್ಡ. ಇಬ್ಬರ ತಿಂಡಿಗೆ, ಒಬ್ಬರ ಬರವಣಿಗೆಗೆ, ಸಂಜೆಯ ಇಸ್ಪೀಟಿಗೆ ಅಷ್ಟು ಜಾಗ ಸಾಕು.

ಮೊದಲು ನೋಡಿದ್ದು ಮಾದರಿ ಪುಸ್ತಕಗಳನ್ನು. 1754ರಲ್ಲಿ ಬಂದ ಥಾಮಸ್ ಚಿಪ್ಪೆಂಡೇಲನ ಪುಸ್ತಕದಲ್ಲಿ ಇದರ ಹತ್ತಿರದ ಬಂಧುವಾದ ಉಪಾಹಾರದ ಮೇಜು ಇದೆ. 1788ರಲ್ಲಿ, ಗಂಡ ತೀರಿಕೊಂಡ ಎರಡು ವರ್ಷಕ್ಕೆ, ಆಲಿಸ್ ಹೆಪಲ್‌ವೈಟ್ ಪ್ರಕಟಿಸಿದ ಅವನ ಮಾರ್ಗದರ್ಶಿಯಲ್ಲಿ ಪೆಂಬ್ರೋಕ್ ಹೆಸರು ಹೊತ್ತೇ ಬರುತ್ತದೆ. 1790ರ ದಶಕದ ಥಾಮಸ್ ಶೆರಾಟನ್ ಇನ್ನೂ ಮುಂದೆ ಹೋಗಿ, ಕಾಗದಪತ್ರ ಇಡುವ ಗೂಡುಗಳ ಪೆಟ್ಟಿಗೆಯೊಂದು ಮೇಜಿನ ಹೊಟ್ಟೆಯಿಂದ ಮೇಲೆದ್ದು ಬರುವ ಯಂತ್ರವನ್ನೇ ಬಿಡಿಸಿ ತೋರಿಸಿದ. ಚೆಂದದ ಕೆಲಸ, ಆದರೆ ಸಾಧಾರಣ ಮನೆಯವರ ಕೈಗೆಟುಕುವಂಥದ್ದಲ್ಲ. ನನಗೆ ಹೆಚ್ಚು ಬೆಲೆಯದ್ದೆನಿಸಿದ್ದು 1803ರ ಅವನ ನಿಘಂಟಿನ ಒಂದು ಮಾತು. ಇಂಥ ಮೇಜನ್ನು ಮೊದಲು ಮಾಡಿಸಿದವಳು ಒಬ್ಬ ಮಹಿಳೆ, ಮೇಜಿಗೆ ಬಂದದ್ದು ಅವಳ ಹೆಸರೇ, ಬಡಗಿಗಳಿಗೆ ಅದರ ಕಲ್ಪನೆ ಕೊಟ್ಟವಳೂ ಬಹುಶಃ ಅವಳೇ ಎನ್ನುತ್ತಾನೆ ಶೆರಾಟನ್. ಅವಳು ಯಾವ ಪೆಂಬ್ರೋಕ್ ಕೌಂಟೆಸ್ ಎಂದು ಪಂಡಿತರು ವಾದಿಸಿಕೊಳ್ಳಲಿ. ದಿನಾ ಮೇಜು ಬಳಸುವ ಕೈ ಅದರ ಆಕಾರವನ್ನು ತಿದ್ದಿತು ಎಂದು ಕಸುಬು ಬಲ್ಲವನೇ ಒಪ್ಪಿಕೊಂಡದ್ದು ದೊಡ್ಡ ಸಂಗತಿ.

ಮಾದರಿ ಪುಸ್ತಕ ಗಿರಾಕಿಯನ್ನು ಸೆಳೆಯಲು ಬರೆದದ್ದು. ಕೆಲಸಗಾರನ ದನಿ ಕೇಳಬೇಕಾದರೆ ಲಂಡನ್ನಿನ ಬಡಗಿಗಳು 1788ರಲ್ಲಿ ಅಚ್ಚು ಹಾಕಿಸಿದ ಕೂಲಿದರದ ಪುಸ್ತಕಕ್ಕೆ ಹೋಗಬೇಕು. ಅಲ್ಲಿ ಪ್ರತಿಯೊಂದು ಸಾಮಾನಿಗೂ ಒಂದು ಮೂಲ ಕೂಲಿ, ಆಮೇಲೆ ಸಾಲುಸಾಲಾಗಿ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕಾಸು. ಉದ್ದ ಒಂದಿಷ್ಟು ಬೆಳೆದರೆ ಇಷ್ಟು, ಅಂಚು ದುಂಡಾದರೆ ಇಷ್ಟು. ಒಡೆಯನ ಜೊತೆ ಜಗಳ ಬಂದಾಗ ತೆರೆದು ತೋರಿಸಲು ಆ ಪುಸ್ತಕ. ಗ್ರಾಹಕರ ಕಣ್ಣಿಗೆ ಸರಳವಾಗಿ ಕಾಣುವ ಮೇಜಿನಲ್ಲಿ ಎಷ್ಟು ಬೇರೆ ಬೇರೆ ಶ್ರಮ ಸೇರಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಗಲಿಲ್ಲ.

ಅದರ ಜೊತೆಗೆ ಇಟ್ಟು ಓದಬೇಕಾದ್ದು ಲ್ಯಾಂಕಾಸ್ಟರಿನಲ್ಲಿ ಪೀಠೋಪಕರಣ ಮಾಡುತ್ತಿದ್ದ ಗಿಲೋ ಮನೆತನದ ಲೆಕ್ಕ. ಆ ಕಾರ್ಖಾನೆಯ ಕಾಗದಗಳು ಇವತ್ತು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದಾಖಲೆ ಭಂಡಾರದಲ್ಲಿವೆ. ಅಂದಾಜು ಪುಸ್ತಕದ ಪುಟವೆಂದರೆ ಸಾಮಾನಿನ ಒಂದು ಚಿಕ್ಕ ಚಿತ್ರ, ಅದರ ಕೆಳಗೆ ಮರ ಎಷ್ಟು ಅಡಿ, ತಿರುಪು, ಅಂಟು, ಬೀಗಕ್ಕೆ ಎಷ್ಟು, ಕೂಲಿ ಎಷ್ಟು. ಬಹಳ ಕಡೆ ಮಾಡಿದವನ ಹೆಸರೂ ಉಂಟು. ಮರದ ಸಾಲಿನಲ್ಲಿ ಮತ್ತೆ ಮತ್ತೆ ಬರುವುದು ಮಹೋಗನಿ. 1721ರ ಕಾನೂನು ಅಮೆರಿಕದ ಬ್ರಿಟಿಷ್ ವಸಾಹತುಗಳಿಂದ ಬರುವ ಮರದ ಸುಂಕ ತೆಗೆದ ಮೇಲೆ ಕೆರಿಬಿಯನ್ ಮಹೋಗನಿ ಇಂಗ್ಲೆಂಡಿಗೆ ಹರಿದು ಬಂತು. ಅಗಲವಾದ, ಬಾಗದ ಹಲಗೆ. ತೆಳ್ಳಗೆ ಸೀಳಿದರೂ ನಿಲ್ಲುತ್ತದೆ. ರೆಕ್ಕೆಯ ಮೇಜಿಗೆ ಹೇಳಿ ಮಾಡಿಸಿದ ಮರ. ಜಮೈಕಾದ ಕಾಡುಗಳಲ್ಲಿ ಅದನ್ನು ಕಡಿದು ಎಳೆದವರು ಗುಲಾಮರಾಗಿದ್ದ ಆಫ್ರಿಕನ್ನರು. ಬಡಗಿಯ ಹೆಸರು ದಾಖಲಾದ ಪುಟದಲ್ಲಿ ಅವರ ಹೆಸರಿಲ್ಲ. ಆ ಪುಟಗಳನ್ನು ನೋಡುವಾಗೆಲ್ಲ ಇದು ನನ್ನನ್ನು ಕಾಡಿದೆ.

ಕಾಗದ ಬಿಟ್ಟರೆ ಇನ್ನೊಂದು ದಾಖಲೆ ಮೇಜೇ. ಹಳೆಯ ಪೆಂಬ್ರೋಕನ್ನು ಮಗುಚಿ ಹಾಕಿ ನೋಡಬೇಕು. ರೆಕ್ಕೆಯ ತಳದಲ್ಲಿ ಕಮಾನಿನ ಆಕಾರದ ಒಂದು ಗೀರು ಇರುತ್ತದೆ. ಮರದ ತೋಳು ದಿನಾ ಹೊರಳಿ ಹೊರಳಿ ಉಜ್ಜಿದ ಗುರುತು ಅದು. ತೋಳಿನ ತುದಿ ಸವೆದು ರೆಕ್ಕೆ ಜೋತು ಬಿದ್ದಾಗ ಯಾರೋ ಅಲ್ಲಿಗೆ ತೆಳುವಾದ ಚಕ್ಕೆಯೊಂದನ್ನು ಅಂಟಿಸಿರುತ್ತಾರೆ. ಕೀಲಿನ ತಿರುಪನ್ನು ಬಿಚ್ಚಿದರೆ ಅದರ ತುದಿ ಮೊಂಡಾಗಿರಬೇಕು, ತಲೆಯ ಗೀಟು ನಡುವಿಗೆ ಸರಿಯಾಗಿ ಬಿದ್ದಿರದೆಯೂ ಇರಬಹುದು. ಚೂಪು ತುದಿಯ ಯಂತ್ರದ ತಿರುಪುಗಳು ಬಳಕೆಗೆ ಬಂದದ್ದು 1840ರ ದಶಕದ ನಂತರ. ಮೇಲ್ಹಲಗೆಗೂ ರೆಕ್ಕೆಗೂ ನಡುವಿನ ಸಂದನ್ನು ಬೆರಳಿನಿಂದ ಸವರಿದರೆ ಒಂದು ಅಂಚು ಉಬ್ಬಿದೆ, ಇನ್ನೊಂದು ಅದನ್ನು ಅಪ್ಪಿಕೊಳ್ಳುವಂತೆ ತಗ್ಗಿದೆ. ರೆಕ್ಕೆ ಇಳಿಸಿದಾಗಲೂ ಸಂದು ಬಾಯಿ ಬಿಡದಿರಲೆಂದು ಮಾಡಿದ ಕೆಲಸ. ಕೀಲಿನ ಕೇಂದ್ರ ಆ ಉಬ್ಬಿನ ವೃತ್ತದ ಕೇಂದ್ರಕ್ಕೆ ಕೂಡಬೇಕು. ಸ್ವಲ್ಪ ತಪ್ಪಿದರೂ ರೆಕ್ಕೆ ಉಜ್ಜುತ್ತದೆ, ಇಲ್ಲವೇ ಬಿರುಕು ತೋರಿಸುತ್ತದೆ. ತಳದ ಗೀರೂ ಈ ಸಂದೂ ಒಂದಕ್ಕೊಂದು ತಾಳೆಯಾದರೆ ರೆಕ್ಕೆ ಮೂಲದ್ದೇ ಎಂದು ನಂಬಬಹುದು. ಬೇರೆ ಮೇಜಿನಿಂದ ಕಿತ್ತು ಜೋಡಿಸಿದ ರೆಕ್ಕೆಯಲ್ಲಿ ಗೀರು ಅಲ್ಲದ ಜಾಗದಲ್ಲಿ ಇರುತ್ತದೆ.

ಬಳಕೆಯ ಗುರುತು ಸಿಕ್ಕಿತು, ಬಳಸಿದವರು ಸಿಗಲಿಲ್ಲ. ಅವರು ಸಿಕ್ಕಿದ್ದು ಕಾದಂಬರಿಕಾರ್ತಿ ಜೇನ್ ಆಸ್ಟಿನಳ ಪತ್ರಗಳಲ್ಲಿ. ಅಕ್ಕ ಕಸಾಂಡ್ರಾ ತೀರಿಕೊಳ್ಳುವ ಮುಂಚೆ ಬಹುಪಾಲನ್ನು ಸುಟ್ಟುಹಾಕಿದ್ದರಿಂದ ಉಳಿದದ್ದು ಸುಮಾರು 160 ಪತ್ರ. ತಂಗಿಯ ಮನದ ಮಾತುಗಳಿದ್ದ ಪತ್ರಗಳು ಬೆಂಕಿಗೆ ಹೋದವು. ಮೇಜು, ಮಂಚ, ಟೋಪಿಯ ಮಾತು ಯಾರನ್ನೂ ನೋಯಿಸುವಂಥದ್ದಲ್ಲವಾದ್ದರಿಂದ ಉಳಿದುಕೊಂಡಿತು ಎಂದು ನನ್ನ ಊಹೆ. ಜೇನಳ ಜೀವನಚರಿತ್ರೆ ಬರೆಯುವವರಿಗೆ ಅದು ನಷ್ಟ, ನನ್ನಂಥವರಿಗೆ ಲಾಭ.

1800ರ ನವೆಂಬರ್ 8ರಂದು ಅವಳು ಹ್ಯಾಂಪ್‌ಶೈರಿನ ಸ್ಟೀವೆಂಟನ್ನಿನಿಂದ, ಅಪ್ಪ ಪಾದ್ರಿಯಾಗಿದ್ದ ಮನೆಯಿಂದ, ಕೆಂಟ್‌ನಲ್ಲಿ ಅಣ್ಣನ ಮನೆಗೆ ಹೋಗಿದ್ದ ಅಕ್ಕನಿಗೆ ಬರೆಯಲು ಶುರುಮಾಡಿದ ಪತ್ರದಲ್ಲಿ ಹೊಸ ಮೇಜುಗಳು ಬಂದ ಸುದ್ದಿಯಿದೆ. ಎರಡು ತುದಿಯ ಭಾಗಗಳನ್ನು ಕೂಡಿಸಿದರೆ ದಿನದ ಎಲ್ಲಾ ಕೆಲಸಕ್ಕೂ ಆಗುವ ಮೇಜು. ನಡುವಿನ ಭಾಗ ಪ್ರತ್ಯೇಕವಾಗಿ ಕನ್ನಡಿಯ ಕೆಳಗೆ ನಿಂತಿತು. ಪೆಂಬ್ರೋಕ್ ಸೈಡ್‌ಬೋರ್ಡಿನ ಪಕ್ಕಕ್ಕೆ ಹೋಯಿತು. ಅಮ್ಮ ತನ್ನ ದುಡ್ಡು, ಕಾಗದಪತ್ರಗಳನ್ನು ಬೀಗ ಹಾಕಿಟ್ಟುಕೊಂಡು ಹಿಗ್ಗುತ್ತಿದ್ದಾಳೆ. ಸೈಡ್‌ಬೋರ್ಡಿನ ಪಕ್ಕ ಮುಂಚೆ ಇದ್ದ ಪುಟ್ಟ ಮೇಜು ಮಲಗುವ ಕೋಣೆಗೆ ಸರಿಯಿತು. ಗಿಲೋ ಪುಸ್ತಕದಲ್ಲಿ ಬೀಗಕ್ಕೆ ಹಾಕಿದ ಕಾಸಿನ ಅರ್ಥ ನನಗೆ ಆಗ ಆಯಿತು. ಎಂಟು ಮಕ್ಕಳನ್ನು ಹೆತ್ತು, ಪಾಠಕ್ಕೆ ಬಂದು ಉಳಿಯುತ್ತಿದ್ದ ಹುಡುಗರಿಗೂ ವರ್ಷಗಟ್ಟಲೆ ಊಟ ಹಾಕಿದ ಹೆಂಗಸು ಆಕೆ. ತನ್ನದೇ ಒಂದು ಬೀಗದ ಡ್ರಾಯರ್ ಎಂದರೆ ಅವಳಿಗೆ ಏನಾಗಿದ್ದಿರಬೇಕು!

ಎರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯ ಲೆಕ್ಕವೇ ಬದಲಾಯಿತು. ಅಪ್ಪ ಕೆಲಸ ಮಗನಿಗೆ ಬಿಟ್ಟು ಬಾತ್ ಪಟ್ಟಣಕ್ಕೆ ಹೋಗುವುದೆಂದು ನಿಶ್ಚಯಿಸಿದ. 1801ರ ಜನವರಿ ಮೊದಲ ವಾರದ ಪತ್ರದಲ್ಲಿ ಏನು ಒಯ್ಯುವುದು, ಏನು ಬಿಡುವುದು ಎಂಬ ಚರ್ಚೆ. ಮಂಚಗಳು ಬರಲಿ. ಡ್ರಾಯರಿನ ಕಪಾಟು ಬೇಡ, ಅಲ್ಲಿ ಅಗ್ಗದ ಮರದಲ್ಲಿ ಮಾಡಿ ಬಣ್ಣ ಬಳಿದದ್ದು ಸಿಗುತ್ತದೆ. ಸೈಡ್‌ಬೋರ್ಡನ್ನೋ ಪೆಂಬ್ರೋಕನ್ನೋ ಒಯ್ಯೋಣ ಎಂದು ಆಗಾಗ ಯೋಚಿಸಿದೆವು, ಆದರೆ ಎಲ್ಲವೂ ಕೊಳ್ಳಲು ಸಿಗುವ ಊರಿಗೆ ಹೊತ್ತೊಯ್ಯುವ ತೊಂದರೆಯೇ ಲಾಭಕ್ಕಿಂತ ಹೆಚ್ಚು ಎಂದು ಬಿಟ್ಟೆವು ಎನ್ನುತ್ತಾಳೆ. ಬಿಟ್ಟುಹೋಗುವ ಸಾಮಾನುಗಳ ನಡುವೆ ಆ ಮೇಜನ್ನು ಹೆಸರಿಟ್ಟು ನೆನೆದದ್ದನ್ನು ನಾನು ಗಮನಿಸಿದೆ. ಮನಸ್ಸು ಅಲ್ಲಿ ಸ್ವಲ್ಪ ಹೊತ್ತು ಹಿಂಜರಿದಿದೆ.

ಮೇ ತಿಂಗಳ ಪತ್ರ ಬಾತ್‌ನಲ್ಲಿ ಸೋದರಮಾವನ ಮನೆಯಿಂದ. ಸ್ಟೀವೆಂಟನ್ನಿನಲ್ಲಿ ಹರಾಜು ನಡೆದಿತ್ತು. ಮೂರು ಹಸುಗಳಿಗೆ ಅರವತ್ತೊಂದೂವರೆ ಗಿನಿ ಬಂತು, ಮೇಜುಗಳಿಗೆ ಬರೀ ಹನ್ನೊಂದು ಗಿನಿ. ಅವಳ ಪಿಯಾನೋಗೆ ಎಂಟು. ಗಿನಿಗೆ 21 ಷಿಲ್ಲಿಂಗಿನಂತೆ ಹನ್ನೊಂದು ಗಿನಿ ಎಂದರೆ 11 ಪೌಂಡು 11 ಷಿಲ್ಲಿಂಗ್. ಒಂದು ಹಸುವಿಗೆ ಬಂದದ್ದು ಇಪ್ಪತ್ತೂವರೆ ಗಿನಿ. ಮೇಜುಗಳೆಲ್ಲ ಸೇರಿ ಸುಮಾರು ಅರ್ಧ ಹಸುವಿನ ಬೆಲೆ. ಮೇಜುಗಳ ಬೆಲೆ ಅವಳಿಗೆ ಪೆಟ್ಟು ಕೊಟ್ಟಿತು, ಹಸುಗಳ ಬೆಲೆ ಅದಕ್ಕೆ ಒಂದಿಷ್ಟು ಸಮಾಧಾನವಾಯಿತು ಎಂದು ಪತ್ರವೇ ಹೇಳುತ್ತದೆ. ಹೋದ ನವೆಂಬರಿನಲ್ಲಿ ಮನೆಮಂದಿಯೆಲ್ಲ ನಿಂತು ಎಲ್ಲಿ ಇಡುವುದೆಂದು ಸಂಭ್ರಮದಿಂದ ನೋಡಿದ ಮೇಜುಗಳೂ ಹೀಗೆ ಮಾರಿಹೋಗುವ ಸಾಮಾನಿನಲ್ಲಿ ಸೇರಿದವು.

ಬಾತ್‌ನಲ್ಲಿ ಅವರಿಗೆ ಸ್ವಂತ ಮನೆಯಿರಲಿಲ್ಲ. ಬಾಡಿಗೆಗೆ ಇದ್ದದ್ದು ಮೊದಲು ಸಿಡ್ನಿ ಪ್ಲೇಸ್, ಆಮೇಲೆ ಗ್ರೀನ್ ಪಾರ್ಕ್ ಬಿಲ್ಡಿಂಗ್ಸ್‌ನಲ್ಲಿ. 1805ರ ಜನವರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಗೇ ಸ್ಟ್ರೀಟಿನ ಬಾಡಿಗೆ ಕೋಣೆಗಳು, ಆಮೇಲೆ ಟ್ರಿಮ್ ಸ್ಟ್ರೀಟ್. ಬಾಡಿಗೆ ಇಳಿಸಿಕೊಳ್ಳುತ್ತ, ಜಾಗ ಇಳಿಸಿಕೊಳ್ಳುತ್ತ ನಡೆದ ಮೂವರು ಹೆಂಗಸರಿಗೆ ರೆಕ್ಕೆ ಮಡಚುವ ಮೇಜು ನಿಜಕ್ಕೂ ಬೇಕಾಗಿದ್ದ ವರ್ಷಗಳು ಇವು.

1815ರ ಕೊನೆಗೆ ಬಂದ ಜೇನಳ "ಎಮ್ಮಾ" ಕಾದಂಬರಿಯಲ್ಲಿ ಪೆಂಬ್ರೋಕ್ ಮತ್ತೆ ಬರುತ್ತದೆ. ಎಮ್ಮಾ ಮನೆಗೆ ದೊಡ್ಡ ದುಂಡು ಮೇಜು ತರಿಸಿದ್ದಾಳೆ. ಅವಳ ಅಪ್ಪ ಅದಕ್ಕೆ ಮುಂಚೆ ನಲವತ್ತು ವರ್ಷ ದಿನದ ಎರಡು ಊಟವನ್ನು ಪುಟ್ಟ ಪೆಂಬ್ರೋಕಿನ ಮೇಲೆ ಒತ್ತೊತ್ತಾಗಿ ಇಟ್ಟುಕೊಂಡು ಮಾಡಿದವನು. ಎಮ್ಮಾಳ ಹೊರತು ಬೇರೆ ಯಾರಿಗೂ ಅವನನ್ನು ಒಪ್ಪಿಸಲಾಗುತ್ತಿರಲಿಲ್ಲ. ಕಾದಂಬರಿಯನ್ನು ದಾಖಲೆಯಾಗಿ ಓದಬಾರದೆಂಬ ಎಚ್ಚರ ನನಗೂ ಇದೆ. ಆದರೂ ಲೆಕ್ಕ ಹಾಕಿ ನೋಡಿದೆ. 1815ರಿಂದ ನಲವತ್ತು ಕಳೆದರೆ 1775. ಪೆಂಬ್ರೋಕ್ ಇನ್ನೂ ಹೊಸ ಸಾಮಾನಾಗಿದ್ದ, ಅನುಕೂಲಸ್ಥ ಮನೆಗಳು ಅದನ್ನು ಬಯಸಿ ತರಿಸಿಕೊಳ್ಳುತ್ತಿದ್ದ ಕಾಲ ಅದೇ. ಮೇಜಿನ ವಯಸ್ಸನ್ನು ಜೇನ್ ಕಣ್ಣಂದಾಜಿನಲ್ಲಿ ಬರೆದಿರಲಾರಳು. ಅದರ ಮೇಲೆ ಎಷ್ಟು ತಟ್ಟೆ ಹಿಡಿಯುತ್ತದೆ, ಎಷ್ಟು ಹಿಡಿಯುವುದಿಲ್ಲ ಎಂಬುದೂ ಅವಳಿಗೆ ಸ್ಟೀವೆಂಟನ್ನಿನಿಂದಲೇ ಗೊತ್ತಿತ್ತು.